ಅಬಾಳ ಅಂಗಳದಲ್ಲಿ ದೋಣಿ ಪಾರ್ಟಿ

ತಲ್ಲೂರು

ನನಗೆ ಯಾವ ಪಕ್ಷವೂ ಇಲ್ಲ. ಇದ್ದರೆ ಅದು ಆಂಪ್ಲಿಫೈಯರ್ ಪಕ್ಷ. ತಲ್ಲೂರಿನಲ್ಲಿ ನನ್ನದೊಂದು ಮೈಕ್ ಸೆಟ್ಟಿನ ಅಂಗಡಿ. ಚುನಾವಣೆ ಬಂತೆಂದರೆ ಬೆಳಿಗ್ಗೆ ಒಬ್ಬರ ಪರವಾಗಿ ರಿಕ್ಷಾದಲ್ಲಿ ಕೂತು ಬೈಂದೂರಿನವರೆಗೆ ಕೂಗಿಕೊಂಡು ಹೋಗುತ್ತೇನೆ. ಮಧ್ಯಾಹ್ನ ಗಂಜಿ ಉಂಡು, ಬಾವುಟ ಬದಲಿಸಿ, ಅವರ ಎದುರಾಳಿಯ ಪರವಾಗಿ ಬ್ರಹ್ಮಾವರದವರೆಗೆ ಕೂಗುತ್ತೇನೆ. ಇದರಲ್ಲಿ ಮೋಸವೇನೂ ಇಲ್ಲ, ಎರಡೂ ಕಡೆಯವರಿಗೆ ಗೊತ್ತಿರುವ ಸಂಗತಿಯೇ. ಊರವರು ನನ್ನನ್ನು ಮೈಕ್ ಶೀನ ಎನ್ನುತ್ತಾರೆ.

ಚುನಾವಣೆ ಇಲ್ಲದ ದಿನಗಳಲ್ಲಿ ಕಾರ್ಯಕ್ರಮ ನಿರೂಪಣೆ. ಸ್ವಾಗತ ಯಾರು ಬೇಕಾದರೂ ಮಾಡಬಹುದು, ವಂದನಾರ್ಪಣೆ ಮಾತ್ರ ಕಷ್ಟದ ಕೆಲಸ. ಜಾಗ ಕೊಟ್ಟವರು, ಅಡುಗೆಯವರು, ಶಾಮಿಯಾನದವರು, ಕುರ್ಚಿ ಹೊತ್ತವರು, ಒಬ್ಬರನ್ನು ಬಿಟ್ಟರೂ ಕೆಲಸ ಕೆಟ್ಟಿತು. ಒಮ್ಮೆ ಕೆರಾಡಿಯಲ್ಲಿ ಗದ್ದೆ ಬಿಟ್ಟುಕೊಟ್ಟ ಯಜಮಾನರ ಹೆಸರು ಮರೆತೆ. ಅವರು ನಮ್ಮ ಜನರೇಟರ್ ಗಾಡಿ ಹೊರಡುವ ಹೊತ್ತಿಗೆ ಗೇಟಿಗೆ ಬೀಗ ಹಾಕಿ, ಬೀಗದ ಕೈ ಸಮೇತ ನೆಂಟರ ಮನೆಗೆ ಹೋಗಿಬಿಟ್ಟಿದ್ದರು. ಅಂದಿನಿಂದ ಜಾಗ ಕೊಟ್ಟವರ ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಕೂತಿರುತ್ತದೆ.

ಮಳೆಗಾಲದಲ್ಲಿ ನಮ್ಮ ಕಡೆ ದೋಣಿಗೂ ರಜೆ, ಮೈಕಿಗೂ ರಜೆ. ಹಾಗೆ ಅಂಗಡಿಯಲ್ಲಿ ಕೂತು ಬೂಷ್ಟು ಹಿಡಿದ ಸ್ಪೀಕರುಗಳನ್ನು ಒರೆಸುತ್ತಿದ್ದಾಗ ತಂಗಿ ಗುಲಾಬಿಯ ಫೋನ್ ಬಂತು. ಅವಳ ಗಂಡ ಸದಾಶಿವ ಪಶ್ಚಿಮ ಆಫ್ರಿಕಾದ ಘಾನಾದಲ್ಲಿ, ಕಡಲ ಬದಿಯ ಒಂದು ಊರಿನಲ್ಲಿ ಮೀನಿಗೆ ಐಸ್ ಮಾಡುವ ಪ್ಲಾಂಟ್ ನೋಡಿಕೊಳ್ಳುತ್ತಾನೆ.

"ಅಣ್ಣಾ, ಅಲ್ಲ್ ಮಳಿ ಕಾಣ್ತಾ ಕೂಕಂಡ್ ಎಂತ ಮಾಡ್ತೆ? ಇಲ್ಲಿಗ್ ಬಾ. ನಿಂಗ್ ಕೂಗುಕೂ ಸಿಕ್ಕತ್ತ್," ಅಂದಳು.

"ಅಲ್ಲ್ ನನ್ ಭಾಷಿ ಯಾರಿಗ್ ಬತ್ತ್ ಮಾರಾಯ್ತಿ?"

"ನಿನ್ ಭಾಷಿ ಕುಂದಾಪ್ರದಗೂ ಯಾರ್ ಕೇಂತ್ರ್? ಸುಮ್ನೆ ಗಂಟ್ಲ್ ಕೇಂತ್ರ್ ಅಷ್ಟೆ."

ತಂಗಿಯ ಮಾತಿಗೆ ಎದುರಾಡಿ ನಾನು ಗೆದ್ದದ್ದಿಲ್ಲ. ಹಳದಿ ಜ್ವರದ ಸೂಜಿ ಚುಚ್ಚಿಸಿಕೊಂಡು ಹೊರಟೆ.

ಅಕ್ರಾ

ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆಯನ್ನೇ ಹೆಕ್ಕಿ ತೆರೆಸಿದರು. ತಪ್ಪು ಅವರದಲ್ಲ, ವಾಸನೆಯದು. ಗುಲಾಬಿಗೆಂದು ಹೆಂಡತಿ ಒಣ ಸಿಗಡಿ ಚಟ್ನಿ ಮಾಡಿ ಕಟ್ಟಿಕೊಟ್ಟಿದ್ದಳು. ಅರಬರ ನಾಡಿನಲ್ಲಿ ವಿಮಾನ ಬದಲಿಸುವಾಗ ಎಲ್ಲೋ ಡಬ್ಬಿಯ ಮುಚ್ಚಳ ಸಡಿಲವಾಗಿ, ನನ್ನ ಬಿಳಿ ಪಂಚೆ, ಅಂಗಿ ಎಲ್ಲದಕ್ಕೂ ಗಂಗೊಳ್ಳಿ ಬಂದರಿನ ಪರಿಮಳ ಹಿಡಿದಿತ್ತು. ಗಟ್ಟಿ ಆಳು ಅಧಿಕಾರಿ. ಮೂಗಿನ ಹತ್ತಿರ ಡಬ್ಬಿ ಹಿಡಿದವನು ಬಿಸಾಡುತ್ತಾನೆಂದೇ ನಾನು ಎಣಿಸಿದೆ. ಅವನು ಬೆರಳ ತುದಿಯಲ್ಲಿ ಒಂದು ಚೂರು ನೆಕ್ಕಿ ನೋಡಿದ.

"ಶಿಟೊ?" ಅಂದ.

ಒಣ ಸಿಗಡಿ, ಮೆಣಸು, ಎಣ್ಣೆ ಹಾಕಿ ಅವರ ಮನೆಗಳಲ್ಲಿ ಮಾಡುವ ಕಪ್ಪು ಚಟ್ನಿಗೆ ಅದು ಹೆಸರು. ತನ್ನ ತಾಯಿಯೂ ಮಾಡುತ್ತಾಳೆ, ಆದರೆ ಇದಕ್ಕೆ ಹುಳಿ ಯಾಕೆ ಎಂದು ಕೇಳಿದ. ನನ್ನ ಅರೆಬರೆ ಇಂಗ್ಲಿಷಿನಲ್ಲಿ ಹುಣಸೆಹಣ್ಣಿನ ಬಗ್ಗೆ ಹೇಳಿದೆ. ಹಿಂದೆ ಸಾಲು ಬೆಳೆಯುತ್ತಲೇ ಇತ್ತು. ಕೊನೆಗೆ ಡಬ್ಬಿಯ ಮುಚ್ಚಳವನ್ನು ನನಗಿಂತ ಗಟ್ಟಿಯಾಗಿ ತಿರುಗಿಸಿ ಕೈಗೆ ಕೊಟ್ಟ. ದೇಶ ಒಳ್ಳೆಯದೇ ಇರಬೇಕು ಅನ್ನಿಸಿತು.

ಹೊರಗೆ ಬಾಡಿಗೆ ವ್ಯಾನುಗಳ ಬಾಗಿಲಿಗೆ ಜೋತುಬಿದ್ದು ಹುಡುಗರು ಊರ ಹೆಸರು ಕೂಗುತ್ತಿದ್ದರು. ಒಂದು ಹೆಸರನ್ನು ಉಸಿರು ಬಿಡದೆ ಮೂರು ಸಲ. ನಮ್ಮ ಬಸ್ಸಿನವರು "ಕುಂದಾಪ್ರ ಕುಂದಾಪ್ರ ಕುಂದಾಪ್ರ" ಎನ್ನುವ ರಾಗವೇ. ಭಾಷೆ ಬರದಿದ್ದರೂ ಆ ಕಸುಬು ನನಗೆ ಅರ್ಥವಾಯಿತು. ಗುಲಾಬಿ ನನ್ನನ್ನು ಬರಮಾಡಿಕೊಳ್ಳಲು ಬಂದವಳು ಮೊದಲು ಮುಟ್ಟಿ ನೋಡಿದ್ದು ಡಬ್ಬಿಯನ್ನು, ಆಮೇಲೆ ಅಣ್ಣನನ್ನು.

ಎಫುವಕ್ಕನ ಮನೆ

ಊರಿನ ಹೆಸರು ಬೇಡ. ಅಲ್ಲಿಯ ರಾಜಕೀಯದ ಗಾಯ ಇನ್ನೂ ಹಸಿ. ಅಕ್ರಾದಿಂದ ಪಶ್ಚಿಮಕ್ಕೆ, ಕಡಲಿಗೆ ಒತ್ತಿಕೊಂಡ ಊರು ಅಂದರೆ ಸಾಕು. ದಂಡೆಯ ಮೇಲೆ ಒಂದೇ ಮರ ಕೊರೆದು ಮಾಡಿದ ಉದ್ದುದ್ದ ದೋಣಿಗಳು, ಮೈ ತುಂಬ ಬಣ್ಣ, ಬಾವುಟ, ದೇವರ ವಾಕ್ಯ. ನಮ್ಮ ದೋಣಿಗಳ ಹಾಗೆಯೇ ದೇವರನ್ನು ಮುಂದಿಟ್ಟುಕೊಂಡೇ ಅವೂ ನೀರಿಗಿಳಿಯುತ್ತವೆ.

ಗುಲಾಬಿ ಇದ್ದದ್ದು ಮಾಳಿಗೆಯಲ್ಲಿ. ಕೆಳಗೆ ಮನೆಯ ಯಜಮಾನಿ ಎಫುವಾ. ಅರವತ್ತು ದಾಟಿದ, ಅಗಲ ಭುಜದ ಹೆಂಗಸು. ಮೀನು ಹೊಗೆಯಲ್ಲಿ ಒಣಗಿಸಿ ಮಾರುವುದು ಅವಳ ಕಸುಬು. ಗುಲಾಬಿ ಅವಳನ್ನು ಎಫುವಕ್ಕ ಎಂದೇ ಕರೆಯುತ್ತಿದ್ದಳು, ನಾನೂ ಹಾಗೇ ಕರೆದೆ. ಅಂಗಳದ ತುಂಬ ಸೊಂಟದೆತ್ತರದ ಮಣ್ಣಿನ ದುಂಡು ಒಲೆಗಳು, ಅವುಗಳ ಮೇಲೆ ತಂತಿ ಜಾಲರಿ, ಜಾಲರಿಯ ಮೇಲೆ ನಮ್ಮ ಬೈಗೆ, ಅಂದರೆ ಬೂತಾಯಿಯಂಥ ಮೀನು. ನಮಗೆ ಬಿಸಿಲಿದೆ, ಮೀನು ಬಿಸಿಲಿಗೆ ಒಣಗುತ್ತದೆ. ಅವರಿಗೆ ಹೊಗೆ. ಎರಡು ದಿನದಲ್ಲಿ ನನ್ನ ಪಂಚೆಯ ಸಿಗಡಿ ವಾಸನೆ ಹೋಗಿ ಹೊಗೆಯ ವಾಸನೆ ಬಂತು.

ಎಫುವಕ್ಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನ್ನದೂ ಹಾಗೇ. ನಡುವೆ, ಅವರ ಭಾಷೆ ಕಲಿತಿದ್ದ ಗುಲಾಬಿ. ಹಾಗಾಗಿ ಆ ಊರಿನ ಮಾತೆಲ್ಲ ನನಗೆ ಕೇಳಿದ್ದು ಕುಂದಾಪ್ರ ಕನ್ನಡದಲ್ಲೇ.

ಮೊದಲ ದಿನವೇ ಅವಳು ಕೇಳಿದ ಪ್ರಶ್ನೆ, ಯಾವ ವಾರ ಹುಟ್ಟಿದ್ದು? ಅಲ್ಲಿ ಹುಟ್ಟಿದ ವಾರವೇ ಹೆಸರು. ಶುಕ್ರವಾರ ಹುಟ್ಟಿದ ಹೆಣ್ಣು ಎಫುವಾ, ಗಂಡು ಕೋಫಿ. ಮಂಗಳವಾರದ ಗಂಡು ಕೋಬಿನಾ, ಗುರುವಾರದ ಹೆಣ್ಣು ಅಬಾ. ನಮ್ಮ ಕಡೆಯೂ ಹಿಂದೆ ಶುಕ್ರವಾರಕ್ಕೆ ಚುಕ್ರ, ಶನಿವಾರಕ್ಕೆ ತನಿಯ ಎಂದು ವಾರದ ಹೆಸರಿಡುತ್ತಿದ್ದರು, ಈಗ ಯಾರೂ ಇಡುವುದಿಲ್ಲ. ನನಗೆ ವಾರ ಗೊತ್ತಿರಲಿಲ್ಲ. ನಕ್ಷತ್ರ ಗೊತ್ತು, ರಾಶಿ ಗೊತ್ತು, ವಾರ ಕೇಳಿದವರೇ ಇಲ್ಲ.

ಎಫುವಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ ಏನೋ ಹೇಳಿದಳು. ಗುಲಾಬಿ ನಕ್ಕಳು. "ಇಷ್ಟ್ ಮಾತಾಡುವವ ಶುಕ್ರವಾರದವನೇ ಅಂಬ್ರ್. ನೀನ್ ಇನ್ನ್ ಕೋಫಿ. ಅವ್ರಿಗ್ ತಮ್ಮ."

ಸಂಜೆ ನನ್ನೆದುರು ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಹುಳಿ ಹಿಟ್ಟಿನ ಉಂಡೆ ಇಟ್ಟಳು, ಜೊತೆಗೆ ಹುರಿದ ಮೀನು. ನೋಡಲು ನಮ್ಮ ಕೊಟ್ಟೆ ಕಡುಬಿನ ದಾಯಾದಿ. ತಿನ್ನಲು, ನಾಲ್ಕು ದಿನ ಮರೆತುಹೋದ ದೋಸೆ ಹಿಟ್ಟು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಕ್ಕ ಅಲ್ಲವೇ.

ಸೋಮವಾರ

ಸಂಜೆ ಸದಾಶಿವ ನನ್ನನ್ನು ದಂಡೆಗೆ ಕರೆದುಕೊಂಡು ಹೋದ. ಮರುದಿನ ಮಂಗಳವಾರ, ಅಂದು ಆ ಕರಾವಳಿಯಲ್ಲಿ ಯಾರೂ ಕಡಲಿಗೆ ಇಳಿಯುವುದಿಲ್ಲ, ಅದು ಕಡಲಿನ ವಿಶ್ರಾಂತಿಯ ದಿನ. ಹಾಗಾಗಿ ಸೋಮವಾರ ಕತ್ತಲಾಗುವುದರೊಳಗೆ ಎಲ್ಲ ದೋಣಿಗಳೂ ಬರಬೇಕು.

ದಂಡೆಯ ಮೇಲೆ ಮುದುಕರೊಬ್ಬರು ಕೋಲೂರಿ ನಿಂತಿದ್ದರು. ದೋಣಿ ಮರಳಿಗೆ ತಾಗಿದ ಕೂಡಲೇ ಅವರು ಅದರಲ್ಲಿದ್ದವರ ಹೆಸರನ್ನು ಒಂದೊಂದಾಗಿ ಕೂಗುತ್ತಿದ್ದರು. ಮುಸ್ಸಂಜೆಯ ಮಬ್ಬಿನಿಂದ ಒಂದೊಂದಾಗಿ ಉತ್ತರ ಬರುತ್ತಿತ್ತು. ಮೈಕಿಲ್ಲ, ಏನಿಲ್ಲ. ಅಲೆಯ ಅಬ್ಬರದ ಮೇಲೆ ಆ ದನಿ ಚಾಪೆ ಹಾಸಿದ ಹಾಗೆ ಹೋಗುತ್ತಿತ್ತು. ನನ್ನ ಕಸುಬಿನ ಬಗ್ಗೆ ನನಗಿದ್ದ ಹೆಮ್ಮೆ ಸ್ವಲ್ಪ ಇಳಿಯಿತು.

"ಭಾವ, ಕೂಗಿದ್ ಹೆಸ್ರಿಗ್ ಉತ್ರ ಬರ್ದಿದ್ರೆ ಒಬ್ರೂ ಮನಿಗ್ ಹೋಪುದಿಲ್ಲೆ," ಅಂದ ಸದಾಶಿವ. "ಹುಡ್ಕ್ತ್ರ್. ಸಿಕ್ಕುವರಿಗೂ ಅಲ್ಲೇ ನಿಲ್ತ್ರ್."

ಮುದುಕರ ಹೆಸರು ಕೋಬಿನಾ. ಮನೆಗೆ ಬಂದು ಗುಲಾಬಿಯ ಹತ್ತಿರ ಅವರನ್ನು ಹೊಗಳಿದೆ. ಅವಳು ಹುರಿಯುತ್ತಿದ್ದ ಮೀನನ್ನು ಮಗುಚಿ, ಅವರ ಪಕ್ಷದ ಕಥೆ ಹೇಳಿದಳು.

ಆ ಪಕ್ಷಕ್ಕೊಂದು ಉದ್ದದ ಹೆಸರಿದೆ. ಊರವರಿಗೆ ಅದು ದೋಣಿ ಪಾರ್ಟಿ, ಚಿಹ್ನೆ ದೋಣಿ. ದೇಶ ಸ್ವತಂತ್ರವಾದ ಮೇಲಿನ ದಿನಗಳಲ್ಲಿ, ಮೀನುಗಾರರ ಮಾತು ಅಕ್ರಾದಲ್ಲಿ ಕೇಳುವವರಿಲ್ಲ ಎಂದು ಕೆಲವು ದೋಣಿಯವರು, ಒಬ್ಬ ಮೇಷ್ಟ್ರು ಸೇರಿ ಕಟ್ಟಿದ್ದು. ಕಟ್ಟಿದ್ದು ಇದೇ ಅಂಗಳದಲ್ಲಿ. ಎಫುವಕ್ಕನ ತಾಯಿ ಅಬಾ ಜಾಗ ಕೊಟ್ಟಳು, ಅನ್ನ ಹಾಕಿದಳು. ಸೈನ್ಯ ಬಂತು, ಪಕ್ಷಗಳೆಲ್ಲ ನಿಷೇಧವಾದವು. ಆಗಿನ್ನೂ ಮೀಸೆ ಮೂಡುತ್ತಿದ್ದ ಕೋಬಿನಾನನ್ನು ಸೈನಿಕರು ಹುಡುಕಿ ಬಂದಾಗ ಅಬಾ ತಣ್ಣಗಾದ ಒಲೆಯೊಳಗೆ ಅವನನ್ನು ಕೂರಿಸಿ ಮೇಲೆ ಜಾಲರಿ ಹಾಕಿ ಮೀನು ಹರವಿದಳು. ಮತ್ತೆ ಚುನಾವಣೆ, ಮತ್ತೆ ಸೈನ್ಯ, ಮತ್ತೆ ಚುನಾವಣೆ. ಪ್ರತಿ ಸಲವೂ ಪಕ್ಷ ಸತ್ತು ಇದೇ ಅಂಗಳದಲ್ಲಿ ಹುಟ್ಟಿತು.

ಆಮೇಲೆ ಅಬಾ ಪಕ್ಷ ಬಿಟ್ಟಳು. ದೊಡ್ಡ ಪಕ್ಷವೊಂದು ಮೀನು ಮಾರ್ಕೆಟ್ಟಿಗೆ ಮಳೆ ತಡೆಯುವ ತಗಡಿನ ಮಾಡು ಹಾಕಿಸಿಕೊಡುತ್ತೇವೆ ಅಂದಿತು. ಮಳೆಯಲ್ಲಿ ಬುಟ್ಟಿ ತಬ್ಬಿಕೊಂಡು ಕೂತ ಹೆಂಗಸರ ಸಲುವಾಗಿ ಅವಳು ಆ ಕಡೆ ಹೋದಳು. ಮಾಡು ಬಂತು, ಇವತ್ತಿಗೂ ಇದೆ. ಮಳೆಗಾಲದಲ್ಲಿ ಗೋಣಿ ಹೊದ್ದು ರಸ್ತೆಬದಿಯಲ್ಲಿ ಮೀನಿಟ್ಟುಕೊಂಡು ಕೂರುತ್ತಿದ್ದ ನಮ್ಮ ಅಬ್ಬಿ, ಅಂದರೆ ನಮ್ಮ ತಾಯಿ, ನೆನಪಾದಳು. ಮಾಡು ಹಾಕಿಸುತ್ತೇವೆ ಅಂದಿದ್ದರೆ ಅವಳು ಯಾವ ಪಕ್ಷಕ್ಕೂ ಹೋಗುತ್ತಿದ್ದಳು.

ದೋಣಿ ಪಾರ್ಟಿಯವರು ಇದನ್ನು ಮರೆಯಲಿಲ್ಲ. ಒಲೆಯೊಳಗೆ ಕೂತು ಬದುಕಿದವನಿಗೇ ಹೆಚ್ಚು ಸಿಟ್ಟು. ಅಬಾ ಸತ್ತಾಗ ಪಕ್ಷದವರು ಒಬ್ಬರೂ ಬರಲಿಲ್ಲ. ಸಾವಿಗೆ ಇಡೀ ಊರು ಸೇರುವ ಆ ನಾಡಿನಲ್ಲಿ ಅದು ಕೆನ್ನೆಗೆ ಹೊಡೆದ ಹಾಗೆ.

"ನಾಳೆ ಅವ್ರ ವರ್ಷದ್ ಮೀಟಿಂಗ್, ಇದೇ ಅಂಗ್ಳದಗೆ," ಅಂದಳು ಗುಲಾಬಿ. "ಪಕ್ಷ ಕಟ್ಟಿದವ್ರ ಹೆಸ್ರ್ ಕೂಗ್ತ್ರ್, ದಂಡೆ ಮೇಲ್ ಕೂಗ್ದಂಗೆ. ಸತ್ತವ್ರದ್ದೂ. ಸತ್ತವ್ರ ಬದ್ಲಿ ಅವ್ರನ್ ಕಂಡವ್ರ್ 'ಇದ್ರ್' ಅಂದ್ ಹೇಳ್ಕ್, ಶಾಲಿಯಗ್ ಹಾಜ್ರಿ ಹೇಳ್ದಂಗೆ. ಮನಿಯವ್ರ್ ಹೇಳುಕಾಗ. ಅಬಾ ಹೆಸ್ರ್ ಮಾತ್ರ ಕೂಗುದಿಲ್ಲೆ."

"ಮತ್ತ್ ಎಫುವಕ್ಕ ಜಾಗ ಎಂತಕ್ ಕೊಡುದ್?"

"ಅಂಗ್ಳ ಇಲ್ಲೆ ಅನ್ಬೇಡ ಅಂದ್ ಅಬ್ಬಿ ಹೇಳಿ ಸತ್ತಿದ್ರಂಬ್ರ್. ಅಡ್ಗಿಯೂ ಇವ್ರೇ ಮಾಡುದ್. ಪ್ರತಿ ವರ್ಷ ಒಲಿ ಎದ್ರ್ ನಿಂತ್ಕಂಡ್ ಕಾಯ್ತ್ರ್ ಅಣ್ಣಾ, ಈ ಸಲ ಕೂಗ್ತ್ರಾ ಅಂದ್. ಈಗ ಅಬಾನ ಕೆಲ್ಸ ಹತ್ರದಿಂದ ಕಂಡವ್ರ್ ಅಂದ್ರೆ ಕೋಬಿನಾ ಅಜ್ಜ ಒಬ್ರೇ. ಅವ್ರ್ ಹೋದ್ರೆ 'ಇದ್ರ್' ಅನ್ನುಕೆ ಜನವೇ ಇಲ್ಲೆ."

ಆಮೇಲೆ ನನ್ನ ಕಡೆ ಸೌಟು ತೋರಿಸಿದಳು. "ನಾಳೆ ನಿನ್ನ ಬಾಯಿ ಒಂಚೂರ್ ಹಿಡ್ಕೋ. ಅಬಾ ಹೆಸ್ರ್ ತೆಗುಕಾಗ. ಅದ್ ಅವ್ರವ್ರ ಸಂಗ್ತಿ."

ನಾನು ತಲೆಯಾಡಿಸಿದೆ. ಮೂವತ್ತು ವರ್ಷದಿಂದ ಎರಡೂ ಪಕ್ಷದ ಬಾವುಟ ಒಂದೇ ರಿಕ್ಷಾದಲ್ಲಿ ಇಟ್ಟುಕೊಂಡವನಿಗೆ ಇದೇನು ಮಹಾ ಅನ್ನಿಸಿತ್ತು.

ಮಂಗಳವಾರ

ಮಧ್ಯಾಹ್ನಕ್ಕೆ ಅಂಗಳ ತುಂಬಿತು. ಎಲ್ಲರೂ ದೋಣಿಯ ಚಿತ್ರ ಅಚ್ಚು ಹಾಕಿದ ಬಟ್ಟೆಯಲ್ಲೇ ಅಂಗಿ, ಲಂಗ ಹೊಲಿಸಿಕೊಂಡು ಬಂದಿದ್ದರು. ನಮ್ಮಲ್ಲಿ ಪಕ್ಷ ಹೆಗಲ ಶಾಲಿನಲ್ಲಿ ನಿಲ್ಲುತ್ತದೆ, ಅಲ್ಲಿ ಮೈ ತುಂಬ. ಬಾವುಟ ಬದಲಿಸಿದಷ್ಟು ಸುಲಭದಲ್ಲಿ ಅಲ್ಲಿ ಪಕ್ಷ ಬದಲಿಸಲಾಗದು, ದರ್ಜಿಯ ಹತ್ತಿರ ಹೋಗಬೇಕು.

ಎಫುವಕ್ಕ ಮೂಲೆಯ ಒಲೆಯಲ್ಲಿ ದೊಡ್ಡ ಪಾತ್ರೆಯಿಟ್ಟು ಮೀನಿನ ಸಾರು ಕಲಕುತ್ತಿದ್ದಳು. ಅವಳದು ಮಾತ್ರ ಚಿತ್ರವಿಲ್ಲದ ನೀಲಿ ಬಟ್ಟೆ. ಕೋಬಿನಾ ಅಜ್ಜ ಬಂದು ನಡುವಿನ ಕುರ್ಚಿಯಲ್ಲಿ ಕೂತರು. ಕೈಯಲ್ಲಿ ಎಲೆಯ ಪೊಟ್ಟಣ, ಅದರಲ್ಲಿ ಮನೆಯಿಂದ ತಂದ ಊಟ. ಅಬಾ ಪಕ್ಷ ಬಿಟ್ಟ ಮೇಲೆ ಅವರು ಈ ಮನೆಯಲ್ಲಿ ಉಂಡದ್ದಿಲ್ಲ. ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಲ್ಲಿಯೂ ಮುನಿದ ನೆಂಟರು ಮದುವೆಗೆ ಬರುತ್ತಾರೆ, ಉಡುಗೊರೆ ಕೊಡುತ್ತಾರೆ, ನೀರು ಮುಟ್ಟದೆ ಹೋಗುತ್ತಾರೆ.

ಸಭೆ ಶುರುವಾಗುವಾಗಲೇ ಮೈಕ್ ಗೊಂಯ್ ಎನ್ನತೊಡಗಿತು. ಪಕ್ಷದ ಕಾರ್ಯದರ್ಶಿ ತಟ್ಟಿದ, ಊದಿದ, ಬೈದ. ನಾನು ಕುರ್ಚಿಯಲ್ಲಿ ಹೇಗೆ ಕೂರಲಿ? ಎದ್ದು ಹೋಗಿ ಮರಳಿಗೆ ಒಂದು ಕಬ್ಬಿಣದ ಸರಳು ಊರಿ, ತಂತಿ ಸುತ್ತಿ, ಬುಡಕ್ಕೆ ಒಂದು ಬಕೆಟ್ ಉಪ್ಪುನೀರು ಹೊಯ್ದು ಅರ್ಥಿಂಗ್ ಕೊಟ್ಟೆ. ಗೊಂಯ್ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಇಂಡಿಯಾದ ಕೋಫಿ ಕೊನೆಯಲ್ಲಿ ಎರಡು ಮಾತಾಡಬೇಕೆಂದು ಅಲ್ಲೇ ತೀರ್ಮಾನವಾಯಿತು. ಗುಲಾಬಿ ನನ್ನನ್ನು ನೋಡಿದ ನೋಟ ಎಲ್ಲರಿಗೂ ಕಾಣುವ ಹಾಗಿತ್ತು.

ಹೆಸರು ಕೂಗುವ ಹೊತ್ತಿಗೆ ಕೋಬಿನಾ ಅಜ್ಜ ಮೈಕನ್ನು ಕೈಯಿಂದ ಸರಿಸಿ ಎದ್ದು ನಿಂತರು. ಒಂದು ಹೆಸರು, ಒಂದು ಉತ್ತರ. ಹೆಚ್ಚಿನವರು ಸತ್ತವರೇ. ಒಬ್ಬರ ಪರವಾಗಿ ಹಿಂದಿನ ಸಾಲಿನ ಮುದುಕಿ, ಇನ್ನೊಬ್ಬರ ಪರವಾಗಿ ಕುಂಟುತ್ತ ಎದ್ದ ಗಂಡಸು. ಎಫುವಕ್ಕನ ಸೌಟು ನಿಂತಿತ್ತು. ಹೆಸರುಗಳು ಮುಗಿದವು. ಅಜ್ಜ ಕೂತರು. ಸೌಟು ಮತ್ತೆ ತಿರುಗತೊಡಗಿತು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

ನನ್ನ ಸರದಿ ಬಂತು. ನಾನು ಕನ್ನಡದಲ್ಲಿ ಒಂದೊಂದು ಮಾತು ಹೇಳುವುದು, ಗುಲಾಬಿ ಅವರ ಭಾಷೆಯಲ್ಲಿ ಹೇಳುವುದು. ನಮ್ಮ ಕಡಲು, ನಿಮ್ಮ ಕಡಲು, ನಮ್ಮ ಮೀನು, ನಿಮ್ಮ ಮೀನು ಎಂದು ಚೆನ್ನಾಗಿಯೇ ಹೋಗುತ್ತಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಕೈಯಲ್ಲಿ ಮೈಕ್, ಎದುರಿಗೆ ಜನ, ಸಭೆಯ ಕೊನೆ. ನನ್ನ ನಾಲಿಗೆ ತಾನಾಗಿ ವಂದನಾರ್ಪಣೆಗೆ ತಿರುಗಿತು. ಅದು ಯಾವಾಗಲೂ ಶುರುವಾಗುವುದು ಒಂದೇ ಕಡೆಯಿಂದ.

"ಮೊತ್ತಮೊದಲಾಗಿ, ಈ ಸಭೆಗೆ ಸ್ಥಳಾವಕಾಶ ಮಾಡಿಕೊಟ್ಟು, ಅನ್ನ ಕೊಟ್ಟು ಪಕ್ಷವನ್ನು ಬೆಳೆಸಿದ ಶ್ರೀಮತಿ ಅಬಾ ಅವರಿಗೆ..."

ಬಾಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು. ಉಳಿದ ಕನ್ನಡ ಯಾರಿಗೂ ಅರ್ಥವಾಗಿರಲಿಲ್ಲ, ಆ ಹೆಸರಿಗೆ ಅನುವಾದ ಬೇಕಿರಲಿಲ್ಲ. ನಾನೇ ಸರಿಮಾಡಿದ ಸ್ಪೀಕರು ಅದನ್ನು ಗೋಡೆಯಾಚೆಗೂ ಮುಟ್ಟಿಸಿತ್ತು.

ಗುಲಾಬಿ ನನ್ನ ಮುಖ ನೋಡಿದಳು. ಬೇರೇನಾದರೂ ಹೇಳಿ ಮುಚ್ಚಿಹಾಕಬಹುದಿತ್ತು, ಅಷ್ಟು ಜಾಣೆ ಅವಳು. ಒಲೆಯ ಕಡೆ ಒಮ್ಮೆ ತಿರುಗಿದಳು. ಆಮೇಲೆ ನಾನು ಹೇಳಿದ್ದನ್ನು ಹೇಳಿದ ಹಾಗೆಯೇ, ಅನ್ನ ಕೊಟ್ಟ ಮಾತನ್ನೂ ಬಿಡದೆ, ಅವರ ಭಾಷೆಯಲ್ಲಿ ಹೇಳಿಬಿಟ್ಟಳು.

ಕಾರ್ಯದರ್ಶಿ ಧಡಕ್ಕನೆ ಎದ್ದ. ಪರದೇಶಿ, ಗೊತ್ತಿಲ್ಲದೆ ಅಂದದ್ದು, ಊಟಕ್ಕೆ ಏಳೋಣ ಎಂದು ಏನೋ ಸಮಾಧಾನದ ಮಾತು. ಯಾರೂ ಏಳಲಿಲ್ಲ. ಎಲ್ಲರೂ ಕೋಬಿನಾ ಅಜ್ಜನನ್ನೇ ನೋಡುತ್ತಿದ್ದರು. ಹೆಸರು ಕೂಗಿ ಆಗಿತ್ತು. ಕೂಗಿದ ಹೆಸರಿಗೆ ಉತ್ತರ ಬರದೆ ಅಲ್ಲಿ ಯಾರೂ ಮನೆಗೆ ಹೋಗುವವರಲ್ಲ.

ಅಜ್ಜ ಕೋಲಿನ ಮೇಲೆ ಗಲ್ಲ ಊರಿ ಕೂತಿದ್ದರು. ಆಮೇಲೆ ಅಂಗಳದ ಒಲೆಗಳ ಸಾಲಿನತ್ತ ಕಣ್ಣು ಹಾಯಿಸಿದರು. ಅವುಗಳಲ್ಲಿ ಯಾವುದರೊಳಗೆ ಅವರು ಕೂತಿದ್ದರೋ ನನಗೆ ಗೊತ್ತಿಲ್ಲ. ಅವರಿಗೆ ಗೊತ್ತಿತ್ತು. ನಾನು ಮೈಕ್ ಆಫ್ ಮಾಡಿದೆ, ಅದರ ಅಗತ್ಯ ಇನ್ನಿರಲಿಲ್ಲ.

ಅಜ್ಜ ಎದ್ದು ನಿಂತು ಒಂದೇ ಮಾತು ಹೇಳಿದರು. ದಂಡೆಯ ಮೇಲೆ ಕೂಗುವ ದನಿಯಲ್ಲ, ಮನೆಯೊಳಗಿನ ದನಿ.

"ಇದ್ಲ್," ಎಂದು ಗುಲಾಬಿ ನನ್ನ ಕಿವಿಯಲ್ಲಿ ಹೇಳಿದಳು. ಅಜ್ಜ ಇನ್ನೂ ಒಂದು ಮಾತು ಸೇರಿಸಿದರು. ಗುಲಾಬಿಯ ದನಿ ಒಡೆಯಿತು. "ಒಲಿ ಹತ್ರ ಇದ್ಲ್ ಅಂಬ್ರ್."

ಹೆಂಗಸರು, ಅಲ್ಲಿಯ ಸಂಭ್ರಮದ ರೀತಿಯಲ್ಲಿ, ಬಿಳಿ ಕರವಸ್ತ್ರ ಎತ್ತಿ ಬೀಸತೊಡಗಿದರು. ಎಫುವಕ್ಕ ಬೆನ್ನು ತಿರುಗಿಸಿ ಸಾರನ್ನೇ ನೋಡುತ್ತಿದ್ದಳು, ಅದು ಉಕ್ಕಿ ಒಲೆಗೆ ಬೀಳುತ್ತಿದ್ದರೂ.

ಅಜ್ಜ ತಮ್ಮ ಪೊಟ್ಟಣವನ್ನು ಪಕ್ಕದವನ ಮಡಿಲಲ್ಲಿಟ್ಟು ಕೈತೊಳೆಯಲು ನೀರು ಕೇಳಿದರು. ಎಫುವಕ್ಕನೇ ಬೋಗುಣಿ ಹಿಡಿದಳು. ಸಾರು ಬಡಿಸಿ, ದೊಡ್ಡ ಮೀನಿನ ತಲೆಯನ್ನು ಹುಡುಕಿ ಹಾಕಿ, ಬಲಗೈಯಲ್ಲಿ ತಟ್ಟೆ ಕೊಟ್ಟಳು. ಅವರು ಹುಳಿ ಹಿಟ್ಟಿನ ಉಂಡೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟು ನಿಧಾನವಾಗಿ ಅಗಿದರು. ಅಷ್ಟು ಜನರಲ್ಲಿ ಬೇರೆ ಯಾರೂ ಇನ್ನೂ ತಟ್ಟೆ ಮುಟ್ಟಿರಲಿಲ್ಲ. ಅಜ್ಜ ನುಂಗಿ, ಎಫುವಕ್ಕನ ಮುಖ ನೋಡಿ ಏನೋ ಅಂದರು.

"ಎಂತ ಅಂದ್ರ್?" ಅಂದೆ.

"ಉಪ್ಪ್ ಸಾಲುದಿಲ್ಲೆ ಅಂಬ್ರ್," ಗುಲಾಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಬ್ಬಿ ಹಾಕ್ತಿದ್ದಷ್ಟ್ ಇಲ್ಲೆ ಅಂಬ್ರ್."

ಎಫುವಕ್ಕ ಅಳುತ್ತ, ನಗುತ್ತ, ಉಪ್ಪು ತರಲು ಒಳಗೆ ಓಡಿದಳು.